ಸಿಬಿಜೆಡ್ ಓದಿದವರು

ಮಂಡ್ಯದ ಕಡೆ ಬಿ.ಎಸ್ಸಿ.ಗೆ ಸಿಬಿಜೆಡ್ ತೆಗೆದುಕೊಂಡವರಿಗೆ ಅರಳಿಕಟ್ಟೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಡಾಕ್ಟ್ರಿಗೆ ಸೀಟು ಸಿಕ್ನಿಲ್ವೇನ್ಲಾ ಮಗ?’ ಸಿಕ್ಕಿದ್ದರೆ ನಾವು ಅರಳಿಕಟ್ಟೆಯಲ್ಲಿ ಯಾಕೆ ಕೂತಿರುತ್ತಿದ್ದೆವು? ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುತ್ತೇವೆ ಎಂದು ಬಿಡಿಸಿ ಹೇಳಿದರೆ ಎರಡನೆಯದು ಬರುತ್ತದೆ: ‘ಗಿಡ, ದನ ನೋಡಕ್ಕೆ ದಿನಾ ಬಸ್ ಚಾರ್ಜು ಕೊಟ್ಕಂಡು ಹೋಗ್ಬೇಕಾ?’ ಇದಕ್ಕೆ ಮಾತ್ರ ಡಿಗ್ರಿ ಮುಗಿಯುವವರೆಗೂ ಸರಿಯಾದ ಉತ್ತರ ಹೊಳೆಯಲಿಲ್ಲ.

ನಮ್ಮದು ಮದ್ದೂರು–ಮಳವಳ್ಳಿ ಸೀಮೆಯ ಸಣ್ಣ ಕಾಲೇಜು. ಸಿಲಬಸ್ಸು 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ್ದು. ಮೈಕ್ರೋಸ್ಕೋಪುಗಳನ್ನು ನೋಡಿದರೆ ಅವೂ ಅದರ ಓರಗೆಯವು ಅನ್ನಿಸುತ್ತಿತ್ತು. ಬಾಟನಿ ಮೇಷ್ಟ್ರೇ ಎನ್‌ಎಸ್‌ಎಸ್ ಅಧಿಕಾರಿ, ಕ್ರೀಡಾಕೂಟದ ಮೈಕು ಹಿಡಿಯುವವರೂ ಅವರೇ. ಜುವಾಲಜಿ ಮೇಷ್ಟ್ರು ರಜೆ ಹಾಕಿದ ದಿನ ಕನ್ನಡ ಮೇಷ್ಟ್ರು ಬಂದು ಕೂರುತ್ತಿದ್ದರು. ಕೂತವರು ಸುಮ್ಮನಿರುವ ಪೈಕಿಯಲ್ಲ. ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಾಟನಿ ಪಾಠ ಹೇಳುತ್ತಲೇ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದದ್ದು, ಆ ಸುತ್ತಾಟಗಳೇ ‘ಹಸುರು ಹೊನ್ನು’ ಆದದ್ದು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು, ಎಲ್ಲವನ್ನೂ ಹೇಳಿ, ‘ನೋಡ್ರಯ್ಯಾ, ರೆಕಾರ್ಡು ಚೆನ್ನಾಗಿ ಬರೆದರೆ ಎಲ್ಲಿಗೆ ಮುಟ್ಟಬಹುದು!’ ಎಂದು ಮುಗಿಸುತ್ತಿದ್ದರು. ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜುಗಳೆಂಬುವಿವೆ. ಅಲ್ಲಿ ಜೀವಶಾಸ್ತ್ರದ ಹುಡುಗ ಕಾವ್ಯವನ್ನೂ ತತ್ತ್ವಶಾಸ್ತ್ರವನ್ನೂ ಓದಬೇಕಂತೆ, ಅದಕ್ಕೆ ಭಾರೀ ಫೀಸಂತೆ. ನಮ್ಮಲ್ಲಿ ಆ ಕೆಲಸವನ್ನು ಸಿಬ್ಬಂದಿಯ ಕೊರತೆ ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು.

ನಮಗಿಂತ ಹಿಂದಿನವರ ಕಥೆಗಳಲ್ಲೆಲ್ಲ ಕಪ್ಪೆಯೇ ನಾಯಕ. ಪ್ರಾಕ್ಟಿಕಲ್ಲಿನ ಹಿಂದಿನ ರಾತ್ರಿ ಬ್ಯಾಟರಿ ಹಿಡಿದು ವಿಶ್ವೇಶ್ವರಯ್ಯ ನಾಲೆಯ ಬಯಲಿಗಿಳಿಯುವುದು, ಗದ್ದೆಯ ಬದುವಿನಲ್ಲಿ ಗೋಣಿಚೀಲ ತುಂಬುವುದು, ಬೆಳಗಿನ ಬಸ್ಸಿನಲ್ಲಿ ಆ ಚೀಲ ವಟಗುಟ್ಟಿ ಕಂಡಕ್ಟರು ಲಗೇಜು ಕೇಳುವುದು. ಕಪ್ಪೆ ಕಾಲಿನ ರಫ್ತನ್ನು ಸರ್ಕಾರ 1987ರಲ್ಲೇ ನಿಲ್ಲಿಸಿತ್ತು. ಕಾಲೇಜುಗಳಲ್ಲಿ ಪ್ರಾಣಿ ಕುಯ್ಯುವುದನ್ನು ಯುಜಿಸಿ ಪೂರ್ತಿ ಬೇಡವೆಂದದ್ದು 2014ರಲ್ಲಿ. ಫ್ರಾನ್ಸಿನವರ ತಟ್ಟೆಯಿಂದ ಪಾರಾದ ಕಪ್ಪೆಗೆ ಬಿ.ಎಸ್ಸಿ. ಹುಡುಗರ ಮೇಣದ ಟ್ರೇಯಿಂದ ಪಾರಾಗಲು ಇನ್ನೂ ಇಪ್ಪತ್ತೇಳು ವರ್ಷ ಹಿಡಿಯಿತು.

ಬಾಟನಿಗೆ ಇಂಥ ಅಡ್ಡಿಗಳಿಲ್ಲ. ಆದರೆ ಕಬ್ಬಿನ ಸೀಮೆಯಲ್ಲಿ ಹುಲ್ಲಿನ ಕುಟುಂಬದ ಪಾಠ ಓದುವವರಿಗೆ ಪರೀಕ್ಷಕರು ಮನೆಯಲ್ಲೇ ಇರುತ್ತಾರೆ. ‘ಸ್ಯಾಕರಂ ಅಫಿಸಿನೇರಂ’ ಎಂದು ನಾನು ಗಟ್ಟಿಮಾಡುತ್ತಿದ್ದರೆ, ಹೆಬ್ಬೆಟ್ಟೊತ್ತುವ ತಾತ ‘ಕೋ 62175’ ಅನ್ನುವ ಕಬ್ಬಿನ ತಳಿಯನ್ನು ಮಕ್ಕಳ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಿದ್ದರು. ಕೊಯಮತ್ತೂರಿನಲ್ಲಿ ಟಿ.ಎಸ್. ವೆಂಕಟರಾಮನ್ ಸಿಹಿ ಕಬ್ಬಿಗೆ ಕಾಡುಹುಲ್ಲಿನ ಜಾತಿಯೊಂದನ್ನು ಕೂಡಿಸಿ ‘ಕೋ 205’ ತಳಿ ಮಾಡಿದರು, 1918ರ ಹೊತ್ತಿಗೆ ಅದು ರೈತರ ಕೈ ಸೇರಿತು, ಆಮೇಲೆ ಕಬ್ಬು ಗಟ್ಟಿಮುಟ್ಟಾಯಿತು ಎಂದು ಒಂದು ಸಂಜೆ ಜಗಲಿಯಲ್ಲಿ ವಿವರಿಸಿದೆ. ತಾತ ತಲೆದೂಗಿದರು: ‘ಹೊರಗ್ಲಿಂದ ಸಂಬಂಧ ತಂದವ್ರೆ ಅನ್ನು. ಒಳಗೊಳಗೇ ಆದ್ರೆ ಸಂತಾನ ಸೊರಗ್ತದೆ ಕಣ್ಲಾ.’ ಒಳಗಿನಿಂದ ಅಜ್ಜಿಯ ದನಿ ಬಂತು: ‘ಹಂಗಾರೆ ಅಕ್ಕನ ಮಗಳನ್ಯಾಕೆ ಕಟ್ಕಂಡ್ರಂತೆ, ಕೇಳು.’ ತಳಿಶಾಸ್ತ್ರದ ಚರ್ಚೆ ಅಲ್ಲಿಗೆ ಮುಗಿಯಿತು.

ವೈವಾದಲ್ಲೂ ಇದೇ ಕಥೆ. ಹೊರಗಿನಿಂದ ಬಂದ ಪರೀಕ್ಷಕರು ಸ್ಥಳೀಯ ತಳಿಯೊಂದರ ಲಕ್ಷಣ ಹೇಳು ಎಂದರೆ ಮಳವಳ್ಳಿ ಕಡೆಯ ಹುಡುಗ ಬಿಡುತ್ತಾನೆಯೇ? ಬಂಡೂರು ಕುರಿ ಅವನದೇ ತಾಲ್ಲೂಕಿನದು. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷ್ ‘ಯು’ ಅಕ್ಷರ. ಇಷ್ಟಕ್ಕೆ ನಿಲ್ಲಿಸದೆ ಅವನು ಮಾಂಸದ ರುಚಿ, ಸಂತೆಯ ದರ, ಬೆನ್ನು ಹಿಸುಕಿ ತೂಕ ಅಂದಾಜು ಮಾಡುವ ಬಗೆಗಳಿಗೂ ಇಳಿದ. ಪರೀಕ್ಷಕರು ಮಾರ್ಕ್ಸು ಕೊಟ್ಟು, ಯುಗಾದಿ ಹೊಸತೊಡಕಿಗೆ ಒಂದು ಮರಿ ಎಲ್ಲಿ ಸಿಗಬಹುದೆಂದು ಮೆಲ್ಲಗೆ ವಿಚಾರಿಸಿದರು.

ಕ್ಷೇತ್ರಕಾರ್ಯವೆಂದರೆ ನಮಗೆ ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕಾಡು ಬಿಟ್ಟು ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ಬಗೆಯುತ್ತಾರೆ. ಹುಣಸೆ ಫಸಲಿನ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡುವುದುಂಟು. ಅಂಗಳದಲ್ಲಿ ಹಿಕ್ಕೆ, ಗಾಳಿಯಲ್ಲಿ ಮೀನಿನ ನಾತ. ನಾವು ಮೂಗು ಮುಚ್ಚಿಕೊಂಡು ನೋಟ್ಸು ಬರೆಯುತ್ತಿದ್ದರೆ ಮುದುಕಿಯೊಬ್ಬಾಕೆ ಅಲ್ಲೇ ಕೂತು ನೆಮ್ಮದಿಯಾಗಿ ಅವರೆಕಾಯಿ ಬಿಡಿಸುತ್ತಿದ್ದಳು. 2017ರ ಕೊನೆಯ ಹೊತ್ತಿಗೆ ಅಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿ, ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕವು. ಮೀನಿನ ಮೂಲಕ ಹಕ್ಕಿಗೆ ದಾಟುವ ಹುಳು. ಸಿಲಬಸ್ಸಿನಲ್ಲಿ ಹುಳು ಒಂದು ಸೆಮಿಸ್ಟರಿಗೆ, ಮೀನು ಇನ್ನೊಂದಕ್ಕೆ, ಹಕ್ಕಿ ಮತ್ತೊಂದಕ್ಕೆ. ಊರಿನ ಕೆರೆಗೆ ಸೆಮಿಸ್ಟರುಗಳಿಲ್ಲ. ಅಲ್ಲಿ ಮೂರೂ ಒಟ್ಟಿಗೇ ಇರುತ್ತವೆ. ದೊಡ್ಡ ಲ್ಯಾಬು ಇದ್ದಿದ್ದರೆ ನಾವು ಬಹುಶಃ ಅದರೊಳಗೇ ಉಳಿದುಬಿಡುತ್ತಿದ್ದೆವು.

ಈಗ ಜೊತೆಯವರಲ್ಲಿ ಕೆಲವರು ಬಿ.ಎಡ್. ಮಾಡಿ ಮೇಷ್ಟ್ರುಗಳಾಗಿದ್ದಾರೆ, ಒಬ್ಬ ಹಾಲಿನ ಡೇರಿಯಲ್ಲಿ ಕೊಬ್ಬು ಅಳೆಯುತ್ತಾನೆ, ಕೆಲವರು ಬ್ಯಾಗು ಹಿಡಿದು ಡಾಕ್ಟರುಗಳ ಬಾಗಿಲು ಕಾಯುವ ಮೆಡಿಕಲ್ ರೆಪ್ಪುಗಳು. ಯಾರು ಎಲ್ಲೇ ಇರಲಿ, ಊರಲ್ಲಿ ತೆಂಗಿಗೆ ನುಸಿ ಬಿದ್ದರೆ, ಎಮ್ಮೆಗೆ ಉಣ್ಣೆ ಹತ್ತಿದರೆ ಮಸುಕಾದೊಂದು ಫೋಟೊ ನಮ್ಮ ಮೊಬೈಲಿಗೆ ಬಂದೇ ಬರುತ್ತದೆ. ಅದನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಮ್ಮಿನಲ್ಲಿ ಗೊತ್ತಿರುವವರಿಗೆ ದಾಟಿಸಿ, ಅವರು ಹೇಳಿದ್ದಕ್ಕೆ ಒಂದು ಲ್ಯಾಟಿನ್ ಹೆಸರು ಸೇರಿಸಿ ಊರಿಗೆ ಕಳಿಸುತ್ತೇವೆ. ಔಷಧಿ ಹೊಡೆಯುತ್ತಾರೋ ಬಿಡುತ್ತಾರೋ, ಲ್ಯಾಟಿನ್ನಿಗಂತೂ ಮರ್ಯಾದೆಯಿದೆ. ಫೀಸು ಕೇಳುವ ಹಾಗಿಲ್ಲ. ಹೋದಾಗ ಎಳನೀರು ಗ್ಯಾರಂಟಿ.