ಹದಿನಾಲ್ಕು ಹಾಡು, ಒಂದು ಕಟ್ಟು ಸೊಪ್ಪು

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಇವಳು ಹತ್ತಿ ತರಿಸುತ್ತಾಳೆ. ಅರ್ಧ ದೀಪದ ಬತ್ತಿಗೆ, ಅರ್ಧ ಕಿವಿಗೆ. ಕಿವಿಯ ಹತ್ತಿಗೆ ಕಾರಣ ನಾನು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಜರ್ ಬರೆದು, ಬಡ್ಡಿ ದರ ಬಿಟ್ಟು ಬೇರೆ ಮಾತಾಡದಿದ್ದ ಗಂಡ, ನಿವೃತ್ತನಾದ ಮೇಲೆ ಪ್ರತಿ ಫೆಬ್ರವರಿಯಲ್ಲೂ ಹದಿನಾಲ್ಕು ಹಾಡು ಕಟ್ಟಿ, ಹಾರ್ಮೋನಿಯಂ ಒತ್ತಿ, ತಾನೇ ಹಾಡಿ, ಫೋನಿನಲ್ಲಿ ಹಿಡಿದು ಕಡಲಾಚೆಗೆ ಕಳಿಸತೊಡಗಿದರೆ ಯಾವ ಹೆಂಡತಿ ತಾನೇ ಹತ್ತಿ ತರಿಸುವುದಿಲ್ಲ?

ಈ ಹುಚ್ಚು ಹಿಡಿಸಿದವನು ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ. "ಮಾವ, ತಾತನ ಹಾರ್ಮೋನಿಯಂ ಸುಮ್ಮನೆ ಧೂಳು ಕುಡೀತಿದೆ. ಈ ಸಲ ಫಾಮ್‌ಗೆ ಸೇರ್ಕೊಳ್ಳಿ" ಅಂದ. "ಯಾವ ಫಾರಂ? 15ಎಚ್ ಏಪ್ರಿಲ್‌ನಲ್ಲೇ ಕೊಟ್ಟಾಯ್ತಲ್ಲಪ್ಪ" ಅಂದೆ. ಅಡುಗೆಮನೆಯಿಂದ ಇವಳು, "ಕೋಳಿ ಫಾರಂ ಆದ್ರೆ ನಾನು ಇವತ್ತೇ ತವರಿಗೆ ಹೊರಟೆ" ಅಂದಳು.

ಆಮೇಲೆ ತಿಳಿಯಿತು. ಫಾಮ್ ಎಂದರೆ 'ಫೆಬ್ರವರಿ ಆಲ್ಬಂ ರೈಟಿಂಗ್ ಮಂತ್' ಎಂಬುದರ ಗಿಡ್ಡ ಹೆಸರು. 2004ರಲ್ಲಿ ಬರ್ ಸೆಟಲ್ಸ್ ಎಂಬಾತ ಕೆಲವು ಗೆಳೆಯರನ್ನು ಕಟ್ಟಿಕೊಂಡು ಶುರುಮಾಡಿದ ಪಂಥ: 28 ದಿನದಲ್ಲಿ 14 ಹೊಸ ಹಾಡು. ಈಗ ದೇಶ ದೇಶಗಳ ಮಂದಿ ಅದರಲ್ಲಿದ್ದಾರೆ. ಒಬ್ಬರ ಹಾಡನ್ನು ಇನ್ನೊಬ್ಬರು ಕೇಳಿ ಒಂದು ಮಾತು ಬರೆಯುವುದು ಅಲ್ಲಿಯ ರೂಢಿ. "ಗೆದ್ದವರಿಗೆ ಏನು ಕೊಡ್ತಾರೆ?" ಎಂದು ಇವಳು ಕೇಳಿದಳು. ಏನೂ ಕೊಡುವುದಿಲ್ಲ ಅಂದೆ. "ಹಾಗಾದ್ರೆ ನಿಮಗೆ ಸರಿಯಾಗಿದೆ" ಅಂದಳು.

ಲೀಪ್ ವರ್ಷದಲ್ಲಿ 29 ದಿನಕ್ಕೆ ಹದಿನಾಲ್ಕೂವರೆ ಹಾಡು. ಈ ಅರ್ಧವನ್ನು ಕಂಡಾಗ ನನ್ನೊಳಗಿನ ಗುಮಾಸ್ತ ಕೈಮುಗಿದುಬಿಟ್ಟ. ಎರಡು ದಿನಕ್ಕೆ ಒಂದಾದರೆ ಒಂದು ದಿನಕ್ಕೆ ಅರ್ಧ, ಪೈಸೆ ವ್ಯತ್ಯಾಸವಿಲ್ಲ. 2024ರಲ್ಲಿ ಆ ಅರ್ಧ ಹಾಡಿಗಾಗಿ ಒದ್ದಾಡುತ್ತಿದ್ದಾಗ ಇವಳು ಸಮಾಧಾನ ಹೇಳಿದಳು: "ಬೇರೆ ಯಾಕೆ ಬರೀತೀರಿ? ಇರೋ ಹದಿನಾಲ್ಕರಲ್ಲಿ ಯಾವುದು ಪೂರ್ತಿ ಆಗಿದೆ?"

ಮೊದಲ ವರ್ಷ ಹದಿನಾಲ್ಕು ಮುಗಿಸಿದ ದಿನ ನಾನು ನೆಲದಿಂದ ಒಂದು ಗೇಣು ಮೇಲಿದ್ದೆ. ಕೆಳಗಿಳಿಸಿದ್ದು ಪುರಂದರದಾಸರು. ದಾಸರು 4,75,000 ಪದ ಹಾಡಿದರೆಂದು ಪ್ರತೀತಿ ಇದೆಯಲ್ಲ. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದೆ. ವರ್ಷಕ್ಕೆ 14ರಂತೆ ನನಗೆ ಸುಮಾರು 34,000 ವರ್ಷ ಬೇಕು. ಪಿಂಚಣಿ ಅಷ್ಟು ಕಾಲ ಬರುವ ಭರವಸೆಯಿಲ್ಲ. ಫೆಬ್ರವರಿ ಸಾಲದು ಎನ್ನುವ ಹಸಿವಿನವರಿಗೆ ಇನ್ನೊಂದು ಪಂಥವೂ ಇದೆ, ಫಿಫ್ಟಿ-ನೈಂಟಿ ಅಂತ. ಜುಲೈ 4ರಿಂದ ಅಕ್ಟೋಬರ್ 1ರವರೆಗೆ, 90 ದಿನದಲ್ಲಿ 50 ಹಾಡು. ಎರಡನ್ನೂ ಹಿಡಿದರೆ ವರ್ಷಕ್ಕೆ 64. ಅರವತ್ನಾಲ್ಕು ವಿದ್ಯೆಯೂ ಒಂದೇ ಕಡೆ! ಆದರೂ ದಾಸರನ್ನು ಮುಟ್ಟಲು 7,400 ವರ್ಷ ಬೇಕೇ ಬೇಕು. ಲೆಕ್ಕದ ಪುಸ್ತಕ ಮುಚ್ಚಿದೆ.

ನಾನು ಹೇಳಹೊರಟಿದ್ದು ಫೆಬ್ರವರಿಯ ಮಾತಲ್ಲ, ಮಾರ್ಚ್ ಒಂದರ ಮಾತು. ಬ್ಯಾಂಕಿನವರಿಗೆ ಮಾರ್ಚ್ 31 ಹೇಗೋ, ಈ ಮಂದಿಗೆ ಫೆಬ್ರವರಿ 28 ಹಾಗೆ. ನಡುರಾತ್ರಿಯವರೆಗೆ ಗಲಾಟೆ, ಅಳು, ನಗು, "ನನ್ನದು ಹದಿಮೂರಾಯ್ತು, ಇನ್ನೊಂದೇ ಒಂದು" ಎಂಬ ಮೊರೆ. ಬೆಳಗಾದರೆ ಮದುವೆ ಮುಗಿದ ಛತ್ರ. ಚಪ್ಪರ ಬಿಚ್ಚಿದ್ದಾರೆ, ಎಲೆ ಎತ್ತಿದ್ದಾರೆ, ವರಪೂಜೆಯಲ್ಲಿ ಕೈಕೈ ಹಿಡಿದು "ಇನ್ನು ಮೇಲೆ ಬಿಡೋದೇ ಇಲ್ಲ" ಅಂದ ಬೀಗರು ಪತ್ತೆಯಿಲ್ಲ.

ಹೀಗೆ ಮಾಯವಾಗುವವರಲ್ಲಿ ಗಣಪತಿಯ ಪಂಗಡದವರು ಕೆಲವರಿದ್ದಾರೆ. ಡೋಲು ಬಡಿದುಕೊಂಡು ಬರುತ್ತಾರೆ, ಕಡುಬು ತಿನ್ನುತ್ತಾರೆ, ನೀರಿಗಿಳಿಯುತ್ತಾರೆ. ಮುಂದಿನ ವರ್ಷದವರೆಗೆ ಸದ್ದಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ, ದೇವರೇ ಹಾಗಿರುವಾಗ ಮನುಷ್ಯರದ್ದೇನು. ಅಪಾಯದವರು ಸಾಲಗಾರರ ಪಂಗಡದವರು. "ಆಹಾ, ಮಾರ್ಚ್‌ನಲ್ಲಿ ಬಿಡುವಾಗಿ ಕೂತು ನಿಮ್ಮ ಹದಿನಾಲ್ಕೂ ಕೇಳ್ತೀನಿ" ಎಂದು ಇಪ್ಪತ್ತು ಮಂದಿಗೆ ಮಾತು ಕೊಟ್ಟು ತಲೆ ತಪ್ಪಿಸಿಕೊಳ್ಳುವವರು. ಇಪ್ಪತ್ತು ಇಂಟು ಹದಿನಾಲ್ಕು, 280 ಹಾಡಿನ ಋಣ! ಮುಂದಿನ ಫೆಬ್ರವರಿಯಲ್ಲಿ ಎದುರಿಗೆ ಸಿಕ್ಕರೆ ಕಿರಾಣಿ ಅಂಗಡಿಯವನನ್ನು ಕಂಡವರಂತೆ ಅಡ್ಡರಸ್ತೆ ಹಿಡಿಯುತ್ತಾರೆ. ಇವರನ್ನು ನಾನು ಇಷ್ಟು ಚೆನ್ನಾಗಿ ಬಲ್ಲೆನಲ್ಲ, ಹೇಗೆ ಎಂದಿರಾ? ಪ್ರತಿದಿನ ಶೇವ್ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಒಬ್ಬ ಸಿಗುತ್ತಾನೆ.

ಸಾಲದ ಕಂತು 90 ದಿನ ದಾಟಿಯೂ ಬರದಿದ್ದರೆ ಬ್ಯಾಂಕಿನಲ್ಲಿ ಅದನ್ನು ಎನ್‌ಪಿಎ ಎನ್ನುತ್ತೇವೆ. ಸ್ನೇಹಕ್ಕೂ ಅದೇ ನಿಯಮ. ಮಾರ್ಚ್, ಏಪ್ರಿಲ್, ಮೇ ಕಳೆಯಲಿ, ಫೆಬ್ರವರಿಯ ಸ್ನೇಹವೆಲ್ಲ ವಸೂಲಾಗದ ಬಾಕಿಯ ಪಟ್ಟಿಗೆ ಹೋಗುತ್ತದೆ. ತಮಾಷೆ ಏನೆಂದರೆ, ಈ ಪಂಥ ಹೂಡಿದ ಸೆಟಲ್ಸ್ ಮರೆವಿನ ಲೆಕ್ಕದಲ್ಲೇ ಪಂಡಿತ. ಆತ ಕಂಪ್ಯೂಟರ್ ವಿಜ್ಞಾನಿ. ಭಾಷೆ ಕಲಿಸುವ ಡುವೋಲಿಂಗೋದಲ್ಲಿದ್ದಾಗ, 2016ರಲ್ಲಿ, ಸಹೋದ್ಯೋಗಿಯೊಬ್ಬರ ಜೊತೆ ಒಂದು ಸೂತ್ರ ಪ್ರಕಟಿಸಿದ. ಕಲಿತ ಪ್ರತಿಯೊಂದು ಪದಕ್ಕೂ ನಮ್ಮ ನೆನಪಿನಲ್ಲಿ ಒಂದು ಅರ್ಧಾಯುಷ್ಯ ಉಂಟಂತೆ. ಅಷ್ಟು ಹೊತ್ತು ಕಳೆದರೆ ಅದು ನೆನಪಿಗೆ ಬರುವುದೂ ಬಾರದಿರುವುದೂ ಫಿಫ್ಟಿ-ಫಿಫ್ಟಿ. ಪೂರ್ತಿ ಅಳಿಸಿಹೋಗುವ ಮುಂಚೆ ಒಮ್ಮೆ ತಟ್ಟಿ ಎಬ್ಬಿಸಿದರೆ ಆಯುಷ್ಯ ಬೆಳೆಯುತ್ತದೆ. ಇವಳಿಗೆ ಇದನ್ನು ವಿವರಿಸಿದೆ. "ಸೂತ್ರ ಬೇರೆ ಬೇಕಿತ್ತಾ? ಕರಿಬೇವು ತನ್ನಿ ಅಂತ ನಾನು ಹೇಳಿದ್ದಕ್ಕೆ ಗೇಟಿನವರೆಗೇ ಆಯುಷ್ಯ" ಅಂದಳು.

ಹಾಗಾದರೆ ತಟ್ಟುವುದು ಹೇಗೆ? ತಿಂಗಳಿಗೊಂದು ಹಾಡು ಕಳಿಸೋಣ ಎಂದು ನಾವು ಐದಾರು ಮಂದಿ ಒಪ್ಪಂದ ಮಾಡಿಕೊಂಡೆವು. ಮಾರ್ಚ್‌ನಲ್ಲಿ ಐದು ಹಾಡು ಬಂದವು, ಏಪ್ರಿಲ್‌ನಲ್ಲಿ ಎರಡು, ಮೇ ತಿಂಗಳಲ್ಲಿ ಐದು ನೆಪ. ನೆಪಗಳು ಮಾತ್ರ ಹಾಡಿಗಿಂತ ಚೆನ್ನಾಗಿದ್ದವು. ಒಬ್ಬನಿಗೆ ಮೊಣಕಾಲು ನೋವು, ಒಬ್ಬಳ ಮಗಳಿಗೆ ಬಾಣಂತನ, ಒಬ್ಬನ ನಾಯಿ ಗಿಟಾರಿನ ಮೇಲೆ ಮಲಗಿ ಏಳುವುದೇ ಇಲ್ಲವಂತೆ. ಅವತ್ತಿನಿಂದ ಹಾಡು ನಿಂತಿತು, ಮೊಣಕಾಲು ವಿಚಾರಿಸುವುದು ನಿಲ್ಲಲಿಲ್ಲ.

ನಮ್ಮಲ್ಲಿ ಅವಧಾನ ನೋಡಿದವರಿಗೆ ಈ ಗುಟ್ಟು ಬೇಗ ತಿಳಿದೀತು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು. ಒಬ್ಬ ಅರ್ಥವೇ ಇಲ್ಲದ ಸಾಲನ್ನು ಸಮಸ್ಯೆಯೆಂದು ಎಸೆಯುತ್ತಾನೆ, ಒಬ್ಬ ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು ಪದ್ಯ ಕಟ್ಟು ಎನ್ನುತ್ತಾನೆ. 2012ರಲ್ಲಿ ಬೆಂಗಳೂರಿನಲ್ಲಿ ಆರ್. ಗಣೇಶರು ನೂರು ಮಂದಿಯನ್ನು ಎದುರಿಗಿಟ್ಟುಕೊಂಡು ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. ಆ ಪಾಂಡಿತ್ಯಕ್ಕೆ ದೂರದಿಂದ ನಮಸ್ಕಾರ. ನನ್ನ ಕಣ್ಣು ಯಾವತ್ತೂ ಅಪ್ರಸ್ತುತ ಪ್ರಸಂಗಿಯ ಮೇಲೆ. ಪದ್ಯ ಇನ್ನೇನು ಕೂಡಿಬಂತು ಅನ್ನುವಾಗ "ಸ್ವಾಮಿ, ಬೆಳಿಗ್ಗೆ ತಿಂಡಿಗೆ ಏನಿತ್ತು?" ಎಂದು ಕೇಳಿ ಅವಧಾನಿಯ ಗಮನ ಕೆಡಿಸುವುದೇ ಅವನ ಉದ್ಯೋಗ. ಸಭೆ ಮುಗಿಸಿ ಮನೆಗೆ ಹೋಗುವಾಗ ಜನ ನೆನೆದು ನಗುವುದು ಅವನ ಮಾತನ್ನೇ.

ಫಾಮ್‌ನಲ್ಲೂ ಅವಧಾನದಂಥ ಒಂದು ಆಟವಿದೆ. ಸ್ಕರ್ಮಿಶ್ ಅನ್ನುತ್ತಾರೆ, ಪುಟ್ಟ ಕಾಳಗ ಅಂತ. ಒಂದು ಶೀರ್ಷಿಕೆ ಕೊಡುತ್ತಾರೆ. ಒಂದು ಗಂಟೆಯೊಳಗೆ ಹಾಡು ಬರೆದು, ಹಾಡಿ, ಕಳಿಸಿಬಿಡಬೇಕು. ಆವತ್ತು ಅವರಿಗೆ ರಾತ್ರಿ ಎಂಟು, ಮೈಸೂರಿನಲ್ಲಿ ನನಗೆ ಬೆಳಿಗ್ಗೆ ಆರೂವರೆ. ಶೀರ್ಷಿಕೆ 'ಕೊನೆಯ ಬಸ್ಸು'. ಹಲ್ಲೂ ಉಜ್ಜದೆ ಹಾರ್ಮೋನಿಯಂ ಮುಂದೆ ಕೂತೆ. ಏಳು ಇಪ್ಪತ್ತಕ್ಕೆ ಹಾಡು ಸಿದ್ಧ. ರೆಕಾರ್ಡ್ ಒತ್ತಿದೆ. "ಕೊನೆಯ ಬಸ್ಸು ಹೋಯಿತು ಕಣೇ, ಚೀಲದಲ್ಲಿ ಚಿಲ್ಲರೆಯಿಲ್ಲಾ" ಎಂದು ಎಳೆದು, ದುಃಖದಲ್ಲಿ ಕಣ್ಣು ಮುಚ್ಚಿದ್ದೆ. ಆ ಎಳೆತ ಮುಗಿಯುವ ತಾಳಕ್ಕೆ ಸರಿಯಾಗಿ ಬೀದಿಯಿಂದ ಬಂತು: "ದಂಟ್ ಸೊಪ್ಪೂ, ಮೆಂತ್ಯಾ ಸೊಪ್ಪೂ, ಸಬ್ಸಿಗೇ ಸೊಪ್ಪೋ!" ಮತ್ತೆ ಹಾಡಲು ಹೊತ್ತಿಲ್ಲ. ಹಲ್ಲು ಕಚ್ಚಿ ಮುಂದುವರಿಸಿದೆ. ನಾನು ಪಲ್ಲವಿಗೆ ಬಂದಾಗಲೆಲ್ಲ ಸೊಪ್ಪಿನಮ್ಮ ಒಂದೊಂದು ಮನೆ ಮುಂದೆ ಬಂದಳು. ಕೊನೆಯ ಚರಣಕ್ಕೆ ನಮ್ಮ ಗೇಟಿನಲ್ಲೇ ಇದ್ದಳು. ಅದನ್ನೇ ಕಳಿಸಿದೆ.

ಮಾರನೆಯ ದಿನ ಒಹಾಯೊದ ಹೆಂಗಸೊಬ್ಬರು ಬರೆದರು. ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದವರು. ನನ್ನ ಸಾಹಿತ್ಯದ ಅರ್ಥ ಕೇಳಿ ತಿಳಿದುಕೊಂಡು, "ಕೊನೆಯ ಬಸ್ಸು ಹಾಗೆಲ್ಲ ಹೊರಟುಬಿಡುವುದಿಲ್ಲ, ಒಬ್ಬ ಹುಡುಗ ಓಡಿಬರುತ್ತಾನೆ ಎಂದು ಡ್ರೈವರಿಗೆ ಗೊತ್ತಿರುತ್ತದೆ" ಎಂದು ತಿದ್ದಿದರು. ಆಮೇಲೆ, "ಎರಡನೆಯ ದನಿ ಯಾರದು? ಹಾಡಿಗೆ ಜೀವ ಬಂದಿದ್ದೇ ಅವರಿಂದ" ಅಂದರು. ಇವಳು ಇದನ್ನು ಓದಿ ಕಿವಿಯ ಹತ್ತಿ ತೆಗೆದು ನಕ್ಕಳು. ಸೊಪ್ಪಿನ ಹೆಸರುಗಳನ್ನು ಬಿಡಿಸಿ ಹೇಳಿದೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆ, ಹಸಿರೆನ್ನುವುದನ್ನು ಕಂಡು ತಿಂಗಳುಗಳಾದವು, ಮೂರರಲ್ಲಿ ತನಗೆ ಗೊತ್ತಿರುವುದು ಸಬ್ಬಸಿಗೆಯೊಂದೇ, ಸೌತೆಕಾಯಿ ಉಪ್ಪಿನಕಾಯಿಗೆ ಹಾಕುತ್ತೇವೆ ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ಏಪ್ರಿಲ್‌ನಲ್ಲಿ "ಸೊಪ್ಪಿನಮ್ಮ ಹೇಗಿದ್ದಾರೆ?" ಜೂನ್‌ನಲ್ಲಿ "ಮಳೆ ಬಂತಾ? ಸೊಪ್ಪಿನ ಬೆಲೆ ಏರಿತಾ?" ಆಕೆ ಫಿಫ್ಟಿ-ನೈಂಟಿಯಲ್ಲಿ ಐವತ್ತಕ್ಕಾಗಿ ಹೆಣಗುವಾಗ ನಾನು ಒಂದನ್ನೂ ಬರೆಯದೆ, ಬರೀ ಕೇಳುವವನಾಗಿ ಕೂತೆ. ದಸರೆಗೆ ಬೊಂಬೆ ಕೂರಿಸಿದ ಫೋಟೋ ಹೋಯಿತು, ಕ್ರಿಸ್‌ಮಸ್‌ಗೆ ಅಲ್ಲಿಂದ ಕೇಕಿನ ಫೋಟೋ ಬಂತು. ಮುಂದಿನ ಫೆಬ್ರವರಿಯಲ್ಲಿ ಇಬ್ಬರೂ ಸೇರಿ ಜೋಡಿ ಹಾಡೊಂದನ್ನು ಕಟ್ಟಿದೆವು. ಚರಣ ಅವರದು ಇಂಗ್ಲಿಷಿನಲ್ಲಿ, ಪಲ್ಲವಿ ಸೊಪ್ಪು. ಇಂಥ ಜೋಡಿಗಳ ಬಗ್ಗೆಯೂ ಸೆಟಲ್ಸ್ ಸುಮ್ಮನಿದ್ದಿಲ್ಲ. ಸ್ಟೀವನ್ ಡೌ ಎಂಬ ಸಂಶೋಧಕರ ಜೊತೆ ಕೂತು, ನಾಲ್ಕು ವರ್ಷದ ಲೆಕ್ಕ ಜಾಲಾಡಿ, 2013ರಲ್ಲಿ ಪ್ರಬಂಧವನ್ನೇ ಬರೆದಿದ್ದಾನೆ. ಮಾತುಕತೆ ಇರಬೇಕು, ಅಭಿರುಚಿ ಒಂದಕ್ಕೊಂದು ಪೂರಕವಾಗಿರಬೇಕು, ದುಡಿಮೆ ಇಬ್ಬರದೂ ಸಮಸಮ ಇರಬೇಕು; ಆಗ ಜೋಡಿ ಗೆಲ್ಲುತ್ತದೆ ಎಂಬುದು ಸಾರಾಂಶ. ಇವಳು ಮೂರನೆಯದನ್ನು ಎರಡು ಸಲ ಓದಿಸಿ, ಪಾತ್ರೆ ತೊಳೆಯುವ ಸಿಂಕಿನ ಕಡೆ ನೋಡಿದಳು. ವಿಷಯ ಬದಲಿಸಿದೆ.

ಈ ವರ್ಷದ ಫೆಬ್ರವರಿಯೂ ಮುಗಿಯಿತು. ಹದಿನಾಲ್ಕಾದವು. ಮಾರ್ಚ್ ಎರಡನೇ ವಾರ, ಎಲ್ಲರೂ ನೀರಿಗಿಳಿದ ಮೇಲೆ, ಒಹಾಯೊದಿಂದ ಎರಡೇ ಸಾಲು ಬಂತು: "ಈ ಸಲದ ನಿಮ್ಮ ಹಾಡುಗಳಲ್ಲಿ ಸೊಪ್ಪಿನ ದನಿ ಬೇರೆ ಇದೆ. ಪ್ರತಿ ಸಲವೂ ಒಂದೇ ಥರ, ಯಂತ್ರದ ಹಾಗೆ. ಅವರಿಗೆ ಹುಷಾರಿಲ್ಲವೆ?"

ಓದಿ ಪೆಚ್ಚಾದೆ. ದಿನಾ ಅವಳ ಕೈಯಿಂದಲೇ ಸೊಪ್ಪು ತೆಗೆದುಕೊಳ್ಳುತ್ತೇನೆ, ಚೌಕಾಸಿ ಮಾಡುತ್ತೇನೆ, ಕೊತ್ತಂಬರಿ ಕೊಸರು ಕೇಳುತ್ತೇನೆ. ತಳ್ಳುಗಾಡಿಗೆ ಸ್ಪೀಕರ್ ಬಂದು, ಒಳಗಿನಿಂದ ಯಾರೋ ಗಂಡಸು ಕೂಗುತ್ತಿರುವುದು ನನ್ನ ಸಂಗೀತದ ಕಿವಿಗೆ ಬಿದ್ದೇ ಇರಲಿಲ್ಲ. ಹತ್ತಿ ಇಟ್ಟುಕೊಂಡವಳು ಇವಳು, ಕಿವುಡನಾದವನು ನಾನು.

ಮಾರನೆಯ ಬೆಳಿಗ್ಗೆ ಗೇಟಿಗೆ ಹೋಗಿ, "ಏನಮ್ಮಾ, ನಿನ್ನ ದನಿ ಎಲ್ಲಿ ಹೋಯ್ತು?" ಅಂದೆ.

"ಗಂಟ್ಲು ಕೂತೋಗದೆ ಸೋಮಿ. ಡಾಕುಟ್ರು ಕೂಗ್ಬ್ಯಾಡ ಅಂದವ್ರೆ. ಅದ್ಕೇ ಮಗ ಈ ಡಬ್ಬ ಕಟ್ಟವ್ನೆ" ಅಂದಳು, ಪಿಸುದನಿಯಲ್ಲಿ.

"ಅಮೆರಿಕದಲ್ಲಿ ಒಬ್ಬರಿದ್ದಾರೆ, ನಿನ್ನ ಗಂಟಲು ವಿಚಾರಿಸಿದ್ದಾರೆ."

ಅವಳು ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದಳು. ನೀರು ಚಿಮುಕಿಸಿದ್ದ ಗೋಣಿ ಸರಿಸಿ ಕೇಳಿದಳು: "ಅವ್ರಿಗೆ ಯಾವ್ ಸೊಪ್ಪು ಬೇಕಂತೆ?"

ಒಳಗೆ ಬಂದು ಗಂಟಲಿನ ಸಮಾಚಾರವನ್ನೂ ಈ ಪ್ರಶ್ನೆಯನ್ನೂ ಹಾಗೇ ಬರೆದು ಒಹಾಯೊಗೆ ಕಳಿಸಿದೆ. ನನ್ನ ಯಾವ ಹಾಡಿಗೂ ಇಷ್ಟು ಬೇಗ ಉತ್ತರ ಬಂದದ್ದಿಲ್ಲ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಬಂತು: "ಸಬ್ಬಸಿಗೆ."