ಕಬ್ಬಿನ ಹಾಲು ಕುಡಿದ ಫರ್ಗುಸನ್

ಶಿರೋಳ ತಾಲೂಕಿನ ನಮ್ಮ ನಾಂದಣಿ ಎಂದರೆ ಈಗ ಹೊರಗಿನವರಿಗೆ ಆನೆಯ ಊರು. ಮಠದ ಆನೆ ಮಹಾದೇವಿಯನ್ನು 2025ರ ಜುಲೈನಲ್ಲಿ ಜಾಮನಗರಕ್ಕೆ ಒಯ್ದದ್ದು, ಅವಳಿಗಾಗಿ ಜನ ಕೊಲ್ಲಾಪುರದ ತನಕ ನಡೆದದ್ದು ಎಲ್ಲ ಪೇಪರಿನಲ್ಲೂ ಬಂತು. ಅದಕ್ಕೂ ಮೊದಲು ನಾವು ತರಕಾರಿಯ ಊರಿನವರು, ಕಬ್ಬಿನ ಊರಿನವರು. ನಮ್ಮ ಓಣಿಯಲ್ಲಿ ಮಾತ್ರ ನಮ್ಮದು ‘ಫರ್ಗುಸನ್ ಇರೂ ಮನಿ’. ಬ್ಯಾಂಕಿನಲ್ಲಿ ಜೀವನವಿಡೀ ಊರಿನ ಲೆಕ್ಕ ಬರೆದು ನಿವೃತ್ತನಾದ ಮನುಷ್ಯನಿಗಿಂತ, ನಡುನಡುವೆ ನಿಂತುಬಿಡುವ ಟ್ರ್ಯಾಕ್ಟರಿಗೇ ಗುರುತು ಹೆಚ್ಚು. ಇರಲಿ, ಹೊಟ್ಟೆಕಿಚ್ಚಿಲ್ಲ.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹುಟ್ಟಿದ ಬೂದಿಬಣ್ಣದ ಫರ್ಗುಸನ್ ಟಿಇ-20 ಇದು. 1946ರಿಂದ 1956ರ ತನಕ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಗಾಡಿ. ನಮ್ಮ ದೇಶದ್ದೇ ಎನ್ನಬಹುದಾದ ಮೊದಲ ಟ್ರ್ಯಾಕ್ಟರು ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಿದ್ದದ್ದು 1959ರಲ್ಲಿ. ಅಲ್ಲಿಯವರೆಗೆ ಉಳುವ ಯಂತ್ರ ಬೇಕೆಂದವರು ಹಡಗಿನ ದಾರಿ ಕಾಯಬೇಕಿತ್ತು. ಎವರೆಸ್ಟ್ ಏರಿದ ಹಿಲರಿ ಸಾಹೇಬರು 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಜಾತಿಯ ಟ್ರ್ಯಾಕ್ಟರಿನ ಮೇಲೆ. ನನಗೆ ಅಷ್ಟೆಲ್ಲ ಆಸೆಯಿಲ್ಲ. ಖಂಡೇನವಮಿಯ ದಿನ ಹಾರ ಹಾಕಿಸಿಕೊಂಡು ಬಸದಿಯ ತನಕ ಹೋಗಿ, ಯಾರೂ ನೂಕದೆ ತಿರುಗಿ ಬಂದರೆ ಸಾಕು. ಹೊಲದ ಕೆಲಸಕ್ಕೆ ಬೇರೆ ಡೀಸೆಲ್ ಗಾಡಿ ಇದೆ. ಅದು ತನ್ನ ಪಾಡಿಗೆ ತಾನು ದುಡಿಯುತ್ತದೆ, ಹೀಗಾಗಿ ಅದರ ಬಗ್ಗೆ ಪ್ರಬಂಧ ಬರೆಯುವಂಥದ್ದೇನೂ ಇಲ್ಲ.

ನಮ್ಮ ಫರ್ಗುಸನ್ನಿನದು ಎರಡೆಣ್ಣೆಯ ಸಂಸಾರ. ಟಾಕಿಯೊಳಗೆ ಅಡ್ಡಗೋಡೆ, ಸಣ್ಣ ಕೋಣೆಯಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಚಿಮಣಿ ಎಣ್ಣೆ. ಪೆಟ್ರೋಲಿನ ಮೇಲೆ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ನಲ್ಲಿ ತಿರುಗಿಸಿ ಚಿಮಣಿ ಎಣ್ಣೆಗೆ ಒಪ್ಪಿಸಬೇಕು. ಬಂದ್ ಮಾಡುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು. ಇಲ್ಲವಾದರೆ ಕಾರ್ಬರೇಟರಿನ ಬಟ್ಟಲಲ್ಲಿ ಚಿಮಣಿ ಎಣ್ಣೆಯೇ ಉಳಿದು, ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ ಜಪ್ಪಯ್ಯ ಎಂದರೂ ಏಳುವುದಿಲ್ಲ. ಅಜ್ಜ ಸಾಮಾಯಿಕ ತಪ್ಪಿಸಿದ್ದುಂಟು, ಈ ನಲ್ಲಿ ತಿರುಗಿಸುವುದನ್ನು ತಪ್ಪಿಸಿದವರಲ್ಲ. ಅಜ್ಜಿಯ ತಕರಾರೇ ಬೇರೆ. ರೇಷನ್ ಕಾರ್ಡಿನ ಮೇಲೆ ಬಂದ ಎಣ್ಣೆ ಕಂದೀಲಿಗೋ ಗಾಡಿಗೋ? ಹೊತ್ತು ಮುಳುಗುವ ಮೊದಲೇ ಉಂಡು ಕೈತೊಳೆಯುವ ಜೈನರ ಮನೆ ನಮ್ಮದು. “ಕತ್ತಲಾದ ಮ್ಯಾಲ ನಿನಗ ದೀಪ ಯಾಕ ಬೇಕ?” ಎಂದು ಅಜ್ಜ ಕೇಳುತ್ತಿದ್ದರಂತೆ. ಅಜ್ಜಿ ಕೊಟ್ಟ ಉತ್ತರವನ್ನು ಮನೆಯಲ್ಲಿ ಯಾರೂ ನನಗೆ ಹೇಳಿಲ್ಲ.

ಈಗ ಚಿಮಣಿ ಎಣ್ಣೆ ಹುಡುಕಿದರೂ ಸಿಗುವುದು ಕಷ್ಟ. ಗಾಡಿ ಬರೀ ಪೆಟ್ರೋಲಿನ ಮೇಲೆ ಬದುಕುತ್ತಿದೆ, ಬೇನೆ ಶುರುವಾದದ್ದೂ ಅಲ್ಲಿಂದಲೇ. ಚಾಲೂ ಏನೋ ಆಗುತ್ತದೆ. ಒಂದಿಷ್ಟು ಹೊತ್ತಿಗೆ ಕೆಮ್ಮು, ಮುಕ್ಕರಿಕೆ. ಚೋಕ್ ಎಳೆದರೆ ಚೇತರಿಸಿಕೊಳ್ಳುತ್ತದೆ, ಬಿಟ್ಟರೆ ಸಾಯುತ್ತದೆ. ಚೋಕ್ ಎಂದರೆ ಗಾಳಿ ಬರುವ ಬಾಗಿಲನ್ನು ಓರೆ ಮಾಡುವುದು. ಗಾಳಿ ತಡೆದರೆ ಜೀವ ಬರುತ್ತದೆ ಎಂದರೆ ಒಳಗೆ ಪೆಟ್ರೋಲು ಸಾಲುತ್ತಿಲ್ಲ ಎಂದೇ ಅರ್ಥ. ಇಷ್ಟು ನನಗೂ ಗೊತ್ತು. ಗೊತ್ತಿದ್ದವನ ಕೈಗೆ ಪಾನಾ ಕೊಡಬಾರದು ಎಂಬುದು ಮನೆಯವರಿಗೆ ಗೊತ್ತು.

ರಿಪೇರಿಗೆ ಕರೆಸಿದ ಹುಡುಗ ಜಾಣ, ಡೀಸೆಲ್ ಎಂಜಿನ್ನನ್ನು ಕಣ್ಣುಮುಚ್ಚಿ ಬಿಚ್ಚಬಲ್ಲವನು. ಫರ್ಗುಸನ್ನಿನ ಸುತ್ತ ಪ್ರದಕ್ಷಿಣೆ ಹಾಕಿ, “ಕಾಕಾ, ಇದರ ಪಂಪ್ ಎಲ್ಲಿ ಇಟ್ಟಾರ್ರಿ?” ಎಂದ. ಇಲ್ಲದ ಇಂಜೆಕ್ಷನ್ ಪಂಪನ್ನು ಎಲ್ಲಿಂದ ತೋರಿಸಲಿ? ಕಾರ್ಬರೇಟರ್ ಬಲ್ಲವರು ಇನ್ನು ಸ್ಕೂಟರಿನ ಕಡೆಯವರೇ. ಅವರದೂ ಕಾಲ ಮುಗಿಯುತ್ತ ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ದ್ವಿಚಕ್ರಗಳಲ್ಲೂ ಇಂಜೆಕ್ಷನ್ನೇ. ಕೊನೆಗೆ ಜಯಸಿಂಗಪುರದಿಂದ ಲೂನಾ ಕಾಲದ ಮುದುಕ ಮಿಸ್ತ್ರಿಯನ್ನು ಕರೆತಂದೆ.

ಮಿಸ್ತ್ರಿ ಬಂದವರು ಕಾರ್ಬರೇಟರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಪ್ಲಗ್ಗು ಬಿಚ್ಚಿ, ಕಬ್ಬಿಣಕ್ಕೆ ಆನಿಸಿ ಕಿಡಿ ನೋಡಿದರು. “ಬೇನಿ ಕರೆಂಟಿನಾಗ ಇರತೈತ್ರಿ, ಮಂದಿ ಕಾರ್ಬರೇಟರ್ ಬಿಚ್ಚತಾರ” ಎಂದರು. ಕಿಡಿ ನೀಲಿಯಾಗಿಯೇ ಇತ್ತು. ಆಮೇಲೆ ಟಾಕಿಯ ಮುಚ್ಚಳ. ಅದರಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ; ಕಣಜದ ಹುಳ ಅಲ್ಲಿ ಮಣ್ಣಿನ ಮನೆ ಕಟ್ಟಿತೋ, ಪೆಟ್ರೋಲು ಕೆಳಗಿಳಿಯುವುದಿಲ್ಲ. ಅದೂ ಸರಿಯಿತ್ತು. ಆಗ ಕಾರ್ಬರೇಟರಿನ ಬಟ್ಟಲು ಬಿಚ್ಚಿ, ನಮ್ಮ ಅಡುಗೆಮನೆಯ ಸ್ಟೀಲ್ ತಾಟಿನಲ್ಲೇ ಇಟ್ಟು, “ನೋಡ್ರಿ, ಕಚರಾ” ಎಂದರು. ತಳದಲ್ಲಿ ಕಂದುಬಣ್ಣದ ಅಂಟು, ಅಂಚಿಗೆ ಬಿಳಿ ಪುಡಿ. ಪೆಟ್ರೋಲಿನ ಅಡಿಯಲ್ಲಿ ಒಂದು ಹನಿ ನೀರು, ತಾಟು ವಾಲಿಸಿದತ್ತ ಬೇರೆಯೇ ಆಗಿ ಉರುಳಾಡುತ್ತಿತ್ತು.

ಜೆಟ್ಟು ಎಂದರೆ ನಡುವೆ ಕೂದಲೆಳೆಯಷ್ಟು ದಾರಿಯಿರುವ ಹಿತ್ತಾಳೆಯ ತುಣುಕು. ಬಿಸಿಲಿಗೆ ಹಿಡಿದು ಇಣುಕಿದರೆ ಬೆಳಕೇ ಕಾಣಲಿಲ್ಲ. ನಾನು ತಂತಿ ಹುಡುಕಲು ಎದ್ದೆ. “ತಂತಿ ಬ್ಯಾಡ್ರಿ ಸಾಹೇಬ್ರ, ಹಿತ್ತಾಳಿ ಮೆತ್ತಗ. ತೂತು ದೊಡ್ಡದಾತಂದ್ರ ಆಮ್ಯಾಲ ಕುಡದ ಕುಡೀತೈತಿ” ಎಂದು ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡರು.

ನೀರು ಎಲ್ಲಿಂದ ಬಂತು ಎಂಬುದೇ ನನ್ನನ್ನು ಕಾಡಿದ್ದು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಎಥನಾಲಿಗೆ ಗಾಳಿಯ ತೇವ ಹೀರುವ ಚಟ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅದು ನೀರು ಕುಡಿದು ಕುಡಿದು ಕಡೆಗೆ ತಳಕ್ಕಿಳಿಯುತ್ತದೆ. ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟಾಕಿಯ ಗೋಡೆಗೆ ಅಂಟಿದ್ದ ಅಜ್ಜನ ಕಾಲದ ಹೊಲಸನ್ನೆಲ್ಲ ಎಬ್ಬಿಸಿ ಜೆಟ್ಟಿಗೆ ತಂದು ಹಾಕುತ್ತದೆ. ಬರೀ ಪೆಟ್ರೋಲಿನ ಲೆಕ್ಕಕ್ಕೆ ಕೊರೆದ ತೂತು ಈ ಮಿಶ್ರಣಕ್ಕೆ ಸಾಲುವುದೂ ಇಲ್ಲ.

ಬೈಯೋಣವೆಂದರೆ ಬಾಯಿ ಕಟ್ಟಿದೆ. ಆ ಎಥನಾಲಿನಲ್ಲಿ ಗೋವಿನಜೋಳದ್ದು, ಅಕ್ಕಿಯದ್ದು ಇದ್ದರೂ ನಮ್ಮ ಶಿರೋಳ ತಾಲೂಕಿನ ಪಾಲು ಕಬ್ಬಿನದೇ. ನಮ್ಮದೇ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ, ಕಾಕಂಬಿಯಾಗಿ, ಎಥನಾಲಾಗಿ, ಪಂಪಿಗೆ ಬಂದು ನಮ್ಮದೇ ಟ್ರ್ಯಾಕ್ಟರಿನ ಗಂಟಲು ಹಿಡಿದಿದೆ. ಜಯಸಿಂಗಪುರದ ಊಸ್ ಪರಿಷತ್ತಿನಲ್ಲಿ, ಅಂದರೆ ಕಬ್ಬು ಬೆಳೆಗಾರರ ಸಭೆಯಲ್ಲಿ, ದರ ಏರಿಸಿ ಎಂದು ಕೈಯೆತ್ತಿದವನೇ ಮನೆಗೆ ಬಂದು ಎಥನಾಲಿಗೆ ಶಾಪ ಹಾಕಿದರೆ ದೇವರಾದರೂ ಯಾವುದನ್ನು ಕೇಳಿಸಿಕೊಳ್ಳಬೇಕು?

ಜೆಟ್ಟು ತೊಳೆದ ಮೇಲೆ ಗಾಡಿ ಓಡಿತು. ಓಡಿದ ಖುಷಿಯಲ್ಲಿ ಪೆಟ್ರೋಲು ಸುರಿಯತೊಡಗಿತು. ಈ ಸಲ ತಪ್ಪು ಫ್ಲೋಟಿನದು. ಮಾಳಿಗೆಯ ನೀರಿನ ಟಾಕಿಯಲ್ಲಿ ಚೆಂಡು ತೇಲಿ ನಲ್ಲಿ ಮುಚ್ಚುತ್ತದಲ್ಲ, ಹಾಗೆಯೇ ಇದೂ. ಮಿಸ್ತ್ರಿ ಫ್ಲೋಟನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಪೆಟ್ರೋಲು ಗುಳುಗುಳು ಅಂದಿತು. ಬಿಸಿನೀರಿನಲ್ಲಿ ಅದ್ದಿದಾಗ ಒಂದು ಮೂಲೆಯಿಂದ ಗುಳ್ಳೆಗಳ ಸಾಲು ಎದ್ದು, ಸೀಳು ಎಲ್ಲಿದೆ ಎಂದು ತಾನೇ ಹೇಳಿತು. ಬೆಸುಗೆಗೆ ಹುಪರಿಗೆ ಹೋದೆ. ಊರಿಗೆ ಊರೇ ಬೆಳ್ಳಿ ಕೆಲಸಕ್ಕೆ ಹೆಸರಾದದ್ದು, ಕಾಲ್ಗೆಜ್ಜೆ ಬೆಸೆಯುವ ಪರಿಚಯದ ಪತ್ತಾರರು ಫ್ಲೋಟನ್ನು ತಿರುಗಿಸಿ ಮುರುಗಿಸಿ, “ಇದು ಯಾರ ಕಾಲಿಗ್ರಿ?” ಎಂದರು. ಒಳಗಿನ ಪೆಟ್ರೋಲು ಪೂರಾ ಹೋಗಿದೆಯೇ ಎಂದು ಮೂಸಿ ನೋಡಿ, ಬೆಳ್ಳಿ ಬೆಸುಗೆಯ ಕಾವನ್ನು ಇದು ತಡೆಯದೆಂದು ತವರದ ಒಂದೇ ತೊಟ್ಟು ಇಟ್ಟರು. ಜಾಸ್ತಿಯಾದರೆ ಫ್ಲೋಟು ಭಾರವಾಗಿ ತೇಲುವ ಮಟ್ಟ ತಪ್ಪುತ್ತದೆ.

ಈಗ ಗಾಡಿ ಸರಿಯಿದೆ, ಸಣ್ಣಗೆ ತೊಟ್ಟಿಕ್ಕುವುದೊಂದನ್ನು ಬಿಟ್ಟು. ಫ್ಲೋಟಿನ ಮೇಲಿನ ಸೂಜಿ ಸವೆದಿದೆ. ಕೊಲ್ಲಾಪುರದ ಉದ್ಯಮನಗರದಲ್ಲಿ ವಿಚಾರಿಸಿದೆ. ಎಂಥೆಂಥ ಎಂಜಿನ್ನಿನ ಭಾಗ ಮಾಡಿದ ಜನ, “ಒಂದಕ್ಕ ಲೇಥ್ ಹಚ್ಚೂದು ಪರವಡಂಗಿಲ್ರಿ” ಎಂದರು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಅಜ್ಜನ ಡಬ್ಬಿಯಲ್ಲಿ ಹಳೆಯ ಝೆನಿತ್ ಕಾರ್ಬರೇಟರಿನ ಫ್ಲೋಟ್ ಸೂಜಿ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ಕೊಡಿ. ಬದಲಿಗೆ ಒಂದು ಚೀಲ ಬದನೆಕಾಯಿ ಕೊಡುತ್ತೇನೆ. ಕಬ್ಬು ಮಾತ್ರ ಕೇಳಬೇಡಿ, ಅದೆಲ್ಲ ಕಾರ್ಖಾನೆಗೆ ನೋಂದಣಿಯಾಗಿದೆ.