ಗಾಳಿಗೂ ಹರಾಜು

(ಕೊಟ್ಟೂರು ಬಸ್‌ಸ್ಟ್ಯಾಂಡ್ ಪಕ್ಕದ ಮಂಡಕ್ಕಿ ಅಂಗಡಿ. ಕೂಡ್ಲಿಗಿ ಬಸ್ಸು ಬಂದಿಲ್ಲ. ಬರುತ್ತದೆಂದು ಯಾರೂ ಹೇಳಿಯೂ ಇಲ್ಲ.)

ಮಾವ: ಲೇ ಅಳಿಯ, ರೇಡಿಯೊ ಖಾಸಗಿ ಆತಂತಲ್ಲ, ನಮಗ್ಯಾಕ ಬರೀ ಹೊಸಪೇಟಿ ಆಕಾಶವಾಣಿ?

ಅಳಿಯ: ಗಾಳಿ ಅಲೆ ಜನರ ಆಸ್ತಿ ಅಂತ 1995ರಾಗ ಸುಪ್ರೀಂ ಕೋರ್ಟು ಅಂತು. ಆಸ್ತಿ ಅಂದಮ್ಯಾಲೆ ಹರಾಜು ಆಗಬೇಕಲ್ಲ ಮಾವ? 2001ಕ್ಕ ಬೆಂಗಳೂರಾಗ ರೇಡಿಯೊ ಸಿಟಿ ಬಂತು.

ಮಾವ: ಮಗಳ ಮನ್ಯಾಗ ಕೇಳಿದ್ನೆಪ್ಪ. ನಾಕು ಸ್ಟೇಷನ್ ತಿರುವಿದೆ, ನಾಕರಾಗೂ ಒಂದೇ ಹಾಡು.

ಅಳಿಯ: ಅದಕ್ಕೇ ಪೈಪೋಟಿ ಅನ್ನದು. ಹರಪನಹಳ್ಳಿ ಸಂತ್ಯಾಗ ನಾಕು ಮಂದಿ ಒಂದೇ ಬದನೆಕಾಯಿ ಮಾರಲ್ವ?

ಮಾವ: ಸುದ್ದಿನರ ಬ್ಯಾರೆ ಹೇಳ್ತಾರ?

ಅಳಿಯ: ಸ್ವಂತದ್ದು ಹೇಳಂಗಿಲ್ಲ. ಆಕಾಶವಾಣಿದು ಇದ್ದಂಗ ಹಾಕಬಹುದು. ಬಾಯಿ ಖಾಸಗಿ, ಮಾತು ಸರ್ಕಾರಿ.

ಮಾವ: ಫೋನಿನ ಕತಿ?

ಅಳಿಯ: ಸ್ಪೈಸ್ ಕಂಪ್ನಿನ 2008ರಾಗ ಐಡಿಯಾ ನುಂಗ್ತು. 2018ರಾಗ ಐಡಿಯಾಗೂ ವೊಡಾಫೋನಿಗೂ ಲಗ್ನಾತು. 2016ರಾಗ ಜಿಯೊ ಪುಕ್ಕಟೆ ಕೊಟ್ಟು ರುಚಿ ಹತ್ತಿಸ್ತು. 2024ರ ಜುಲೈದಾಗ ಮೂರೂ ದೊಡ್ಡ ಖಾಸಗಿ ಕಂಪ್ನಿ ಒಂದೇ ವಾರಕ್ಕ ರೇಟು ಏರಿಸಿದ್ವು.

ಮಾವ: ಪೈಪೋಟಿಗೆ ಬಿದ್ದು ಏರಿಸಿದ್ವು ಅನ್ನು!

(ಮಾವನ ಫೋನು ಬಡಿಯಿತು. ಕಿವಿಗಿಟ್ಟು, ಮುಖ ಹುಳ್ಳಗೆ ಮಾಡಿಕೊಂಡರು.)

ಅಳಿಯ: ಯಾರು ಮಾವ?

ಮಾವ: ಕಂಪ್ನೇರು. ಕಾಲರ್ ಟ್ಯೂನ್ ಹಾಕಿಸ್ಕೊ ಅಂತಾರ.

ಅಳಿಯ: ಯಾವ ಹಾಡು?

ಮಾವ: ಅದೇಲೇ, ನಾಕು ಸ್ಟೇಷನ್ನಾಗ ಕೇಳಿದ್ದು.